ಧಾರವಾಡ ಸೀಮೆಯ ಬಾಳಕ

ಸಹ್ಯಾದ್ರಿಯ ಸೆರಗು ಮುಗಿದು ಎರೆಯ ಬಯಲು ಆರಂಭವಾಗುವ ಸಂಧಿಸ್ಥಾನದಲ್ಲಿ ಹುಬ್ಬಳ್ಳಿ-ಧಾರವಾಡಗಳು ನಿಂತಿವೆ. ಪಡುವಲಿಗೆ ಕಲಘಟಗಿಯ ಕಡೆ ನಡೆದರೆ ಭತ್ತದ ಗದ್ದೆ, ಮೂಡಲಿಗೆ ನವಲಗುಂದದ ಕಡೆ ನಡೆದರೆ ಜೋಳ-ಹತ್ತಿಗಳ ಕರಿನೆಲ. ಬಯಲಿನ ಬೇಸಗೆಯಲ್ಲಿ ಕಾಯಿಪಲ್ಯೆ ಬತ್ತುವುದನ್ನೂ, ಜಡಿಮಳೆಯ ಆಷಾಢದಲ್ಲಿ ಅದು ಸಂತೆಗೇ ಬಾರದಿರುವುದನ್ನೂ ಬಲ್ಲ ಗೃಹಿಣಿಯರು, ಮಾಗಿಯಲ್ಲಿ ಹೇರಳವಾಗಿ ದೊರೆತುದನ್ನು ಬಿಸಿಲಿಗೊಪ್ಪಿಸಿ ಬಾಳಕ-ಸಂಡಿಗೆಗಳಾಗಿ ಕಾದಿರಿಸುವ ವಿದ್ಯೆಯನ್ನು ಸಂಸಾರದ ಅರ್ಥಶಾಸ್ತ್ರವೆಂದೇ ಬೆಳೆಸಿಕೊಂಡರು.

ಇದನ್ನು ಅನಾದಿಕಾಲದ್ದೆನ್ನುವ ವಾಡಿಕೆಯುಂಟು. ಒಣಗಿಸುವ ಕ್ರಮ ಪುರಾತನವೆಂಬುದರಲ್ಲಿ ಸಂದೇಹವಿಲ್ಲವಾದರೂ, ಬಾಳಕವೆಂದೊಡನೆ ನೆನಪಾಗುವ ಮೆಣಸಿನಕಾಯಿ ಮಾತ್ರ ಈ ನೆಲಕ್ಕೆ ಈಚಿನ ಅತಿಥಿ. ಈ ಪ್ರಾಂತವನ್ನಾಳಿದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಾಗಲಿ, 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ರಚಿಸಿದ ‘ಸೂಪಶಾಸ್ತ್ರ’ದಲ್ಲಾಗಲಿ ಅದರ ಸುಳಿವಿಲ್ಲ, ಅಂದಿನ ಪಾಕಶಾಲೆಗೆ ಖಾರವೆಂದರೆ ಕಾಳುಮೆಣಸು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರ ಮೂಲಕ ಅಮೆರಿಕ ಖಂಡದ ಈ ಕಾಯಿ ನಮ್ಮ ಕರಾವಳಿಗೆ ಬಂದು, ಕಾಲಕ್ರಮದಲ್ಲಿ ಘಟ್ಟವನ್ನೇರಿ, 1997ರವರೆಗೂ ಧಾರವಾಡ ಜಿಲ್ಲೆಗೇ ಸೇರಿದ್ದ ಬ್ಯಾಡಗಿಯನ್ನು ದೇಶವಿಖ್ಯಾತ ಪೇಟೆಯನ್ನಾಗಿ ಮಾಡಿತು. ಹಾಗಲದ ಕಹಿಯನ್ನು ಮಣಿಸಲು ರೂಢಿಯಲ್ಲಿದ್ದ ಉಪ್ಪು-ಮಜ್ಜಿಗೆಗಳ ಸಂಸ್ಕಾರವನ್ನೇ ನಮ್ಮ ಅಜ್ಜಿಯರ ಅಜ್ಜಿಯರು ಈ ಪರದೇಶಿ ಕಾಯಿಗೂ ಕೊಟ್ಟಿರಬೇಕೆಂದು ನನಗೆ ತೋರುತ್ತದೆ.

ಆ ಸಂಸ್ಕಾರ ಸಾವಧಾನವಾದುದು. ದಪ್ಪ ಹಸಿಮೆಣಸಿನಕಾಯಿಯನ್ನು ತೊಟ್ಟು ಮುರಿಯದಂತೆ ಉದ್ದಕ್ಕೆ ಸೀಳಿ, ಹುರಿದು ಕುಟ್ಟಿದ ಮೆಂತ್ಯ, ಜೀರಿಗೆ, ಇಂಗು, ಉಪ್ಪುಗಳನ್ನು ತುಂಬಿ, ಹುಳಿಮಜ್ಜಿಗೆಯಲ್ಲಿ ರಾತ್ರಿಯೆಲ್ಲ ನೆನೆಯಿಸಬೇಕು. ಹಗಲು ಬಿಸಿಲಿಗೆ ಹರವಿ, ಸಂಜೆ ಮರಳಿ ಅದೇ ಮಜ್ಜಿಗೆಗೆ ಹಾಕಬೇಕು. ಪಾತ್ರೆಯ ಮಜ್ಜಿಗೆಯನ್ನೆಲ್ಲ ಕಾಯಿ ಕುಡಿದು ಮುಗಿಸುವ ತನಕ ಈ ಪ್ರದಕ್ಷಿಣೆ ನಡೆಯುತ್ತದೆ. ಉಪ್ಪು ಕಾಯಿಯ ನೀರನ್ನು ಹೊರಗೆಳೆಯುತ್ತದೆ, ಹುಳಿ ಕೊಳೆಯುವುದನ್ನು ತಡೆಯುತ್ತದೆ. ರಸಾಯನಶಾಸ್ತ್ರದ ಹಂಗಿಲ್ಲದೆ ಕೈಗಳು ಇದನ್ನು ಅರಿತಿದ್ದವು. ಚವಳಿಕಾಯಿಗೂ ಇದೇ ಉಪಚಾರ. ಬೂದುಗುಂಬಳದ ಸಂಡಿಗೆಯ ದಾರಿ ಬೇರೆ: ತುರಿದು ಹಿಂಡಿದ ತಿರುಳಿಗೆ ಅರಳು, ಅರೆದ ಖಾರ, ಇಂಗು ಬೆರೆಸಿ, ಹೊರಸಿನ ಮೇಲೆ ಹಾಸಿದ ಹಳೆಯ ಧೋತರದಲ್ಲಿ ಚಿಕ್ಕ ಚಿಕ್ಕ ಉಂಡೆಗಳನ್ನಿಡುವುದು. ಕಾಗೆಯನ್ನಟ್ಟಲು ಕೋಲು ಹಿಡಿದು ಕೂರಿಸಿದ ಹುಡುಗನೇ ಅರ್ಧ ಒಣಗಿದ ಸಂಡಿಗೆಯ ಮೊದಲ ಕಳ್ಳನೆಂಬುದು ಎಲ್ಲ ಮನೆಗಳಿಗೂ ಗೊತ್ತಿದ್ದ ಸಂಗತಿ. ಆ ನಷ್ಟವನ್ನು ಲೆಕ್ಕಕ್ಕೆ ಹಿಡಿದೇ ಹಿಟ್ಟು ಕಲಸುತ್ತಿದ್ದರು.

ಹೋಳಿಹುಣ್ಣಿಮೆಯಿಂದ ಯುಗಾದಿಯವರೆಗಿನ ಬಿಸಿಲೇ ಇದಕ್ಕೆ ಪ್ರಶಸ್ತ. ಆಮೇಲೆ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿ ಸಂಜೆಗೆ ಅಡ್ಡಮಳೆ ಸುರಿದರೆ, ದಿನಗಳ ದುಡಿಮೆ ಮುಗ್ಗಿ ಹೋಗುತ್ತದೆ. ಆದಕಾರಣ ಓಣಿಯ ಹೆಂಗಸರೆಲ್ಲ ಇಂದು ಒಬ್ಬರ ಅಂಗಳ, ನಾಳೆ ಮತ್ತೊಬ್ಬರದೆಂದು ಸರದಿಯಲ್ಲಿ ಕೂಡಿ ಕೆಲಸ ತೀರಿಸುತ್ತಿದ್ದರು. ನಂಟಸ್ತಿಕೆಯ ಮಾತುಕತೆಗಳೂ ಅಲ್ಲಿಯೇ ಕುದುರುತ್ತಿದ್ದವು.

1959ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಆರಂಭಿಸಿದ ಲಿಜ್ಜತ್ ಹಪ್ಪಳದ ಸಂಸ್ಥೆ, ಮಾಳಿಗೆಯ ಮೇಲಿನ ಇಂಥ ದುಡಿಮೆ ಸಂಬಳ ತರಬಲ್ಲುದೆಂದು ತೋರಿಸಿತು. ಇಂದು ನಮ್ಮ ಅವಳಿನಗರದ ಅಂಗಡಿಗಳಲ್ಲಿಯೂ ಮಹಿಳಾ ಸಂಘಗಳ ಪೊಟ್ಟಣಗಳಿವೆ. ಆದರೆ ವ್ಯಾಪಾರ ಆರಿಸಿಕೊಂಡದ್ದು ಹೆಚ್ಚಾಗಿ ಹಪ್ಪಳವನ್ನೂ ಮೆಣಸಿನಕಾಯಿಯನ್ನೂ. ರಾತ್ರಿಗೊಮ್ಮೆ ನೆನೆಯಿಸಿ ಹಗಲಿಗೊಮ್ಮೆ ಹರವಬೇಕಾದ ಚವಳಿಕಾಯಿ, ಹಾಗಲಕಾಯಿಗಳ ಬಾಳಕ ಬೇಕಾದವರು ಈಗಲೂ ಬಹುಮಟ್ಟಿಗೆ ಮನೆಯಲ್ಲಿಯೇ ಮಾಡಿಕೊಳ್ಳಬೇಕು, ಇಲ್ಲವೆ ಮಾಡುವ ಅತ್ತೆಯೊಬ್ಬಳನ್ನು ಸಂಪಾದಿಸಬೇಕು.