ಹಳೆಯ ಸೂರು, ಗಾರೆಯ ವಿದ್ಯೆ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಹಳೆಯ ಮನೆಗಳ ಸೂರಿನಲ್ಲಿ ಈ ಸೀಮೆಯ ಚರಿತ್ರೆಯೂ ಅಡಗಿದೆ. ತೊಲೆ, ಜಂತೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆ ಒಂದು ಬಗೆ. ಕುಂಬಾರರ ನಾಡಹೆಂಚು ಇನ್ನೊಂದು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ, ಒಂದಕ್ಕೊಂದು ಕಚ್ಚಿಕೊಳ್ಳುವ ಮಂಗಳೂರು ಹೆಂಚು ಬಯಲುಸೀಮೆಗೂ ಬಂತು. ಉಳ್ಳವರು ಮದ್ರಾಸ್ ತಾರಸಿ ಹಾಕಿಸಿದರು: ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟುವುದು, ಅದರ ಮೇಲೆ ಇಟ್ಟಿಗೆಚೂರು ಸುಣ್ಣಗಳ ಗಚ್ಚು.

ಹಿಮ ಬೀಳುವ ದೇಶಗಳಲ್ಲಿ ಸೂರು ಹಿಮದ ಭಾರ ಹೊರಬೇಕು; ನಮ್ಮಲ್ಲಿ ಬಿಸಿಲು ಮಳೆಗಳ ಸರದಿಯನ್ನು ತಾಳಬೇಕು. ಸುಣ್ಣ ತಾನು ಹೀರಿದ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ತೊಲೆ ಕೊಳೆಯಬಹುದು. ಸೋರಿಕೆ ನಿಂತಂತೆ ಕಂಡರೂ ಕೇಡು ಒಳಗೆ ಬೆಳೆಯುತ್ತದೆ.

ಆದ್ದರಿಂದ ಮೇಸ್ತ್ರಿಗೆ ಕೆಲಸ ಒಪ್ಪಿಸುವ ಮೊದಲು ಕೇಳಬೇಕು: ಸುಣ್ಣದ ಕೆಲಸ ಬಲ್ಲಿರಾ? ಮಾಡಿದ ಮನೆ ತೋರಿಸುವಿರಾ? ಗೋಡೆಯೊಳಗೆ ಸೇರಿದ ತೊಲೆಯ ತುದಿಯನ್ನು ಪರೀಕ್ಷಿಸಿದಿರಾ? ಅಳತೆ, ಸಾಮಗ್ರಿ, ಕೂಲಿಗಳನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು.

ವಿದ್ಯಾರ್ಥಿಗಳೇ, ನಿಮ್ಮೂರಿನ ಹಿರಿಯ ಗಾರೆ ಕೆಲಸದವರನ್ನು ಕಂಡು, ಸುಣ್ಣ ಅರಳಿಸಿ ಗಾರೆ ಅರೆಯುವ ಬಗೆಯನ್ನು ಬರೆದಿಟ್ಟುಕೊಳ್ಳಿ. ಆ ವಿದ್ಯೆ ಮರೆತರೆ ಹಳೆಯ ಸೂರಿಗೆ ಕೆಡವುವುದೊಂದೇ ದಾರಿ ಉಳಿಯುತ್ತದೆ.