ಮದುವೆ ರಂಗಮಂದಿರದಲ್ಲಿ, ಹೆಸರು ನೋಟಿಸ್ ಬೋರ್ಡಿನಲ್ಲಿ

ನಮ್ಮ ಸಂಘಟನೆಯ ಹುಡುಗನೊಬ್ಬ ಬೇರೆ ಜಾತಿಯ ಹುಡುಗಿಯನ್ನ ರಂಗಮಂದಿರದಲ್ಲಿ, ಪುರೋಹಿತರಿಲ್ಲದೆ ಮದುವೆಯಾಗ್ತೀನಿ ಅಂತಿದ್ದಾನೆ. ಇದು ಸುಮ್ಮನೆ ಸಿಕ್ಕ ಹಕ್ಕಲ್ಲ.

1872ರ ಕಾಯ್ದೆಯಡಿ ಮದುವೆಯಾಗಲು ಹಿಂದೂ ಜೋಡಿ 1923ರವರೆಗೂ ‘ನಾವು ಹಿಂದೂಗಳಲ್ಲ’ ಅಂತ ಘೋಷಿಸಬೇಕಿತ್ತು. ಜಾತಿಗೆ ಮದ್ದು ಅಂತರ್ಜಾತಿ ವಿವಾಹ ಅಂತ ಬಾಬಾಸಾಹೇಬರು 1936ರಲ್ಲಿ ಬರೆದರು. 1948ರ ಏಪ್ರಿಲ್ 15ರಂದು ಸಾರಸ್ವತ ಬ್ರಾಹ್ಮಣರಾದ ಡಾ. ಶಾರದಾ ಕಬೀರ್ ಅವರನ್ನ ದೆಹಲಿಯ ತಮ್ಮ ಮನೆಯಲ್ಲೇ ರಿಜಿಸ್ಟರ್ ಮದುವೆಯಾಗಿ ತೋರಿಸಿದರು.

1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಧರ್ಮ ಬಿಡಬೇಕಿಲ್ಲ. ಮೂವರು ಸಾಕ್ಷಿಗಳು ಬೇಕು. ಹೆಚ್ಚುವರಿ ಶುಲ್ಕ ಕಟ್ಟಿದರೆ ಕಚೇರಿಗೆ ಹತ್ತಿರದ ಸಭಾಂಗಣದಲ್ಲೂ ವಿವಾಹಾಧಿಕಾರಿಯ ಮುಂದೆ ಮದುವೆಯಾಗಬಹುದು.

ಆದರೆ ಮೊದಲು 30 ದಿನ ಇಬ್ಬರ ಹೆಸರೂ ನೋಟಿಸ್ ಬೋರ್ಡಿನಲ್ಲಿರುತ್ತೆ. ಗುಮಾಸ್ತನಾದ ನನಗೆ ಗೊತ್ತು, ಬೋರ್ಡ್ ಓದಿ ಊರಿಗೆ ಫೋನ್ ಮಾಡೋರು ಇದ್ದೇ ಇರ್ತಾರೆ. ಹಾರ, ಊಟದ ಲೆಕ್ಕ ಆಮೇಲೆ ಹಾಕೋಣ. ಆ 30 ದಿನ ಜೋಡಿಯ ಜೊತೆ ಯಾರು ನಿಲ್ತೀರಿ, ಹೇಳಿ.