ಧುರೀಣ

ಕನ್ನಡದ ವೃತ್ತಪತ್ರಿಕೆಗಳನ್ನು ಓದುವ ಅಭ್ಯಾಸವುಳ್ಳವರಿಗೆ ‘ಧುರೀಣ’ ಎಂಬ ಶಬ್ದವು ಚಿರಪರಿಚಿತವಾದುದು. ಪಕ್ಷದ ಧುರೀಣರು ಸಭೆ ಸೇರಿದರು, ಸಹಕಾರಿ ರಂಗದ ಧುರೀಣರು ಸನ್ಮಾನಿತರಾದರು ಎಂಬ ವಾರ್ತೆಗಳಲ್ಲಿ ಅದು ಹೂಮಾಲೆಯನ್ನು ಧರಿಸಿ ವೇದಿಕೆಯ ಮೇಲೆ ವಿರಾಜಮಾನವಾಗಿರುತ್ತದೆ. ನಾನು ಬಹುಕಾಲದಿಂದ ವಾಸವಾಗಿರುವ ಪುಣೆಯ ಮರಾಠಿಯಲ್ಲಿಯೂ ಅದಕ್ಕೆ ಇದೇ ಗೌರವ. ಆದರೆ ಅದು ಹುಟ್ಟಿದ ಮನೆ ದನದ ಕೊಟ್ಟಿಗೆ. ಸಂಸ್ಕೃತದಲ್ಲಿ ‘ಧುರ್’ ಎಂದರೆ ನೊಗ, ಭಾರ. ಆ ನೊಗಕ್ಕೆ ಹೆಗಲು ಕೊಡುವ ಪಶುವೇ ಧುರ್ಯ, ಧೌರೇಯ, ಧುರೀಣ, ಧುರಂಧರ. ಈ ನಾಲ್ಕನ್ನೂ ಸಂಸ್ಕೃತ ನಿಘಂಟುಕಾರ ಅಮರಸಿಂಹನು ತನ್ನ ಅಮರಕೋಶದ ವೈಶ್ಯವರ್ಗದಲ್ಲಿ ಎತ್ತುಗಳ ಹೆಸರುಗಳ ಸಾಲಿನಲ್ಲಿಯೇ ಇರಿಸಿದ್ದಾನೆ. ನೊಗವಿರುವುದು ಬಂಡಿಯ ಮುಂಭಾಗದಲ್ಲಿ. ಆದುದರಿಂದ ‘ಧುರ್’ ಶಬ್ದಕ್ಕೆ ಅಗ್ರಸ್ಥಾನವೆಂಬ ಅರ್ಥವೂ ಕೂಡಿಕೊಂಡಿತು, ಕಾಲಕ್ರಮದಲ್ಲಿ ಧುರೀಣನಿಂದ ಭಾರವು ಜಾರಿಹೋಗಿ ಅಗ್ರಸ್ಥಾನವೊಂದೇ ಉಳಿಯಿತು.

ಹೊರುವವನೆಂಬ ಇದೇ ಮೂಲಾರ್ಥವುಳ್ಳ ಇನ್ನೊಂದು ಶಬ್ದವು ಅರಬ್ಬಿಯಲ್ಲಿ ಹುಟ್ಟಿ, ಪಾರಸಿಯನ್ನು ಹಾದು, ಮರಾಠಿ ಕನ್ನಡಗಳಿಗೆ ಬಂದು ಸೇರಿತು: ‘ಹಮಾಲ’. ಅದರ ಧಾತುವಿಗೂ ಹೊರುವುದೆಂದೇ ಅರ್ಥ. ಅರ್ಥದಲ್ಲಿ ಒಡಹುಟ್ಟಿದವರಂತಿರುವ ಈ ಎರಡರ ಪೈಕಿ ಭಾರವನ್ನು ಕೆಳಗಿಳಿಸಿದ ಶಬ್ದಕ್ಕೆ ಮನ್ನಣೆಯೂ, ಇಂದಿಗೂ ಹೊತ್ತೇ ಇರುವ ಶಬ್ದಕ್ಕೆ ಅವಜ್ಞೆಯೂ ದೊರೆತುದು ನನ್ನನ್ನು ಬಹುದಿನ ಬಾಧಿಸಿದೆ.

ಪುಣೆಯ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಒಂದು ಮುಂಜಾನೆ, ಲಾರಿಗಳಿಂದ ಧಾನ್ಯದ ಚೀಲಗಳು ಇಳಿಯುತ್ತಿದ್ದ ಹೊತ್ತಿನಲ್ಲಿ, ನಡುವಯಸ್ಸಿನ ಹಮಾಲನೊಬ್ಬನು ನೆಲದ ಮೇಲಣ ಚೀಲದ ಬಳಿ ನಿಂತು ಅತ್ತಿತ್ತ ನೋಡುತ್ತಿದ್ದನು. ನಾನು ಕನ್ನಡದಲ್ಲಿ ಫೋನಿನಲ್ಲಿ ಮಾತನಾಡುತ್ತಿದ್ದುದನ್ನು ಕೇಳಿದವನೇ, ‘ಸ್ವಲ್ಪ ಕೈ ಹಚ್ಚರಿ’ ಎಂದನು. ಉತ್ತರ ಕರ್ನಾಟಕದ ಆ ನುಡಿಯ ಸಲುಗೆಗೆ ಸೋತು ಕೈ ಹಚ್ಚಿದೆನು, ಚೀಲವು ಬೆನ್ನನ್ನೇರಿತು. ಇಷ್ಟು ಭಾರವನ್ನು ಹೇಗೆ ಹೊರುತ್ತೀಯಪ್ಪಾ ಎಂದುದಕ್ಕೆ ಅವನು ತಲೆಯನ್ನೆತ್ತದೆಯೇ, ‘ಹೊರೂದು ಕಷ್ಟ ಅಲ್ಲರೀ, ಎತ್ತೂದು ಕಷ್ಟ. ಎತ್ತಾಕ ಇನ್ನೊಬ್ಬರು ಬೇಕು’ ಎಂದು ಹೇಳಿ ನಡೆದುಬಿಟ್ಟನು. ಧುರೀಣತ್ವದ ವಿಷಯವಾಗಿ ನಾನು ಕೇಳಿರುವ ಭಾಷಣಗಳಲ್ಲಿ ಈ ವಾಕ್ಯದಷ್ಟು ತೂಕವುಳ್ಳದ್ದು ಯಾವುದೂ ಇಲ್ಲ.

ಹಾಗೆ ಕೈ ಹಚ್ಚಿದ ವೈದ್ಯರೊಬ್ಬರು ಈ ನಗರದಲ್ಲಿದ್ದರು. ನಾನಾ ಪೇಠೆಯಲ್ಲಿ ಚಿಕಿತ್ಸೆ ನಡೆಸುತ್ತಿದ್ದ ಡಾಕ್ಟರ್ ಬಾಬಾ ಆಢಾವರ ಬಳಿಗೆ ಬೆನ್ನುನೋವು ಮೈಕೈನೋವುಗಳೆಂದು ಬರುತ್ತಿದ್ದ ಹಮಾಲರ ವ್ಯಾಧಿಗೆ ಮೂಲವು ದೇಹದಲ್ಲಿರದೆ ಚೀಲದಲ್ಲಿಯೂ ಕೂಲಿಯಲ್ಲಿಯೂ ಇದ್ದಿತೆಂಬುದನ್ನು ಅವರು ಕಂಡುಕೊಂಡರು. ಅವರ ಪ್ರಯತ್ನದಿಂದ 1950ರ ದಶಕದ ಮಧ್ಯಭಾಗದಲ್ಲಿ ಹಮಾಲ್ ಪಂಚಾಯತ್ ಎಂಬ ಸಂಘಟನೆಯು ಮೈದಳೆಯಿತು. ಗಂಡಾಳಿನ ಹೊರೆಯು 55 ಕಿಲೋಗ್ರಾಮನ್ನು ಮೀರಬಾರದೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿ ಶಿಫಾರಸು ಮಾಡಿದರೂ, ನೂರು ಕಿಲೋ ಚೀಲದ ತೂಕವನ್ನು ತಗ್ಗಿಸುವುದಕ್ಕಾಗಿ ಇಲ್ಲಿಯ ಹಮಾಲರು ಅನಂತರವೂ ಬಹುಕಾಲ ಹೋರಾಡಬೇಕಾಯಿತು. 1969ರಲ್ಲಿ ಮಹಾರಾಷ್ಟ್ರವು ಮಾಥಾಡಿ ಹಮಾಲರ ಕಾಯಿದೆಯನ್ನು ಮಾಡಿದಾಗ, ‘ಮಾಥಾಡಿ’ (‘ಮಾಥಾ’ ಎಂದರೆ ತಲೆ, ತಲೆಹೊರೆಯವನೇ ಮಾಥಾಡಿ) ಎಂಬ ಬಜಾರಿನ ಮಾತು ಶಾಸನದ ಶೀರ್ಷಿಕೆಯಲ್ಲಿ ತಲೆಯೆತ್ತಿ ನಿಂತಿತು.

ಧುರೀಣ ಶಬ್ದವು ತನ್ನ ಮೂಲಾರ್ಥದಲ್ಲಿ ಯಾರಿಗೆ ಸಲ್ಲಬೇಕೆಂದು ಯೋಚಿಸುವಾಗ ನನ್ನ ಮನಸ್ಸು ಇದೇ ಪುಣೆಯ ಇನ್ನೊಂದು ಬೆನ್ನಿನ ಕಡೆಗೆ ಹೊರಳುತ್ತದೆ. 1848ರಲ್ಲಿ ಭಿಡೇ ವಾಡೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದ ಸಾವಿತ್ರಿಬಾಯಿ ಫುಲೆಯವರನ್ನು ನಾಡು ಇಂದು ಸ್ಮರಿಸುತ್ತಿರುವುದು ಉಚಿತವೇ ಆಗಿದೆ. ಆದರೆ ಅರ್ಧ ಶತಮಾನ ಕಳೆದು, ಪ್ಲೇಗು ನಗರವನ್ನು ಆವರಿಸಿ, ರಕ್ತಸಂಬಂಧಿಗಳೇ ರೋಗಿಗಳನ್ನು ಮುಟ್ಟಲು ಅಂಜುತ್ತಿದ್ದ ದಿನಗಳಲ್ಲಿ, ಅರವತ್ತೈದು ದಾಟಿದ ಆ ವೃದ್ಧೆ ಪೀಡಿತ ಬಾಲಕನೊಬ್ಬನನ್ನು ಬೆನ್ನಮೇಲೆ ಹೊತ್ತು ಮಗ ಯಶವಂತರ ಚಿಕಿತ್ಸಾಲಯಕ್ಕೆ ಕರೆತಂದರು. ಅದೇ ರೋಗ ಅವರಿಗೂ ತಗುಲಿ, 1897ರ ಮಾರ್ಚ್ 10ರಂದು ಅವರು ತೀರಿಕೊಂಡರು. ಬಾಲಕನನ್ನು ಹೊತ್ತ ಆ ಗಳಿಗೆಯಲ್ಲಿ ಪದವಿಗೂ ಅನುಯಾಯಿಗಳಿಗೂ ಸ್ಥಾನವಿರಲಿಲ್ಲ. ಒಂದು ಮಗು, ಒಂದು ಬೆನ್ನು, ನಡೆಯಬೇಕಾದ ದಾರಿ, ಇಷ್ಟೇ ಇದ್ದುದು.

ಹೊರುವ ಬೆನ್ನುಗಳನ್ನು ನೆನೆದಾಗ ನಮ್ಮ ಕರ್ನಾಟಕದ ಊರುಬಾಗಿಲುಗಳಲ್ಲಿರುವ ಎರಡು ಬಗೆಯ ಕಲ್ಲುಗಳು ಕಣ್ಣಮುಂದೆ ಬರುತ್ತವೆ. ಕಾದಿ ಮಡಿದವನಿಗಾಗಿ ನೆಟ್ಟುದು ವೀರಗಲ್ಲು. ಅದರ ಮೇಲೆ ಅಪ್ಸರೆಯರು ಅವನನ್ನು ಸ್ವರ್ಗಕ್ಕೊಯ್ಯುತ್ತಿರುತ್ತಾರೆ. ಇನ್ನೊಂದು ಹೊರೆಗಲ್ಲು: ಆಳೆತ್ತರದ ಎರಡು ಕಂಬಗಳು, ಮೇಲೊಂದು ಅಡ್ಡಗಲ್ಲು, ದಾರಿಹೋಕನು ಯಾರ ನೆರವನ್ನೂ ಬೇಡದೆ ತಲೆಹೊರೆಯನ್ನು ಅದಕ್ಕೆ ಒಪ್ಪಿಸಿ, ದಣಿವಾರಿಸಿಕೊಂಡು, ಮರಳಿ ಹೊತ್ತು ಸಾಗಬಹುದು. ಅದರ ಮೇಲೆ ಶಿಲ್ಪವಿಲ್ಲ. ಮೊದಲನೆಯದು ಸತ್ತವನ ಕೀರ್ತಿಗಾಗಿ, ಎರಡನೆಯದು ಬದುಕಿರುವವನ ಕೊರಳಿಗಾಗಿ. ‘ಹೊರೆ’ ಎಂಬ ನಮ್ಮ ಶಬ್ದದಲ್ಲಿಯೂ ಭಾರ ಆಸರೆಗಳೆರಡೂ ಕೂಡಿವೆ: ನಾಮಪದವಾದರೆ ಭಾರ, ಕ್ರಿಯಾಪದವಾದರೆ ಪೋಷಿಸುವುದು, ಹೊಟ್ಟೆ ಹೊರೆಯುವುದು ಎನ್ನುತ್ತೇವಷ್ಟೆ.

1974ರಲ್ಲಿ ಹಮಾಲ್ ಪಂಚಾಯತ್ ಆರಂಭಿಸಿದ ‘ಕಷ್ಟಾಚಿ ಭಾಕರ್’, ಕಷ್ಟದ ರೊಟ್ಟಿ ಎಂಬ ಅಗ್ಗದ ಭೋಜನಶಾಲೆಯು ಹೊರುವವರನ್ನು ಹೊರೆಯುವುದಕ್ಕಾಗಿಯೇ ಹುಟ್ಟಿದುದು. ಅದನ್ನು ಈ ನಗರದ ಹೊರೆಗಲ್ಲೆಂದು ನಾನು ಭಾವಿಸಿದ್ದೇನೆ. ಒಂದು ಮಧ್ಯಾಹ್ನ ಅಲ್ಲಿಗೆ ಹೋದಾಗ ಬೆಂಚುಗಳೆಲ್ಲ ತುಂಬಿದ್ದವು. ತುದಿಯಲ್ಲಿ ರೊಟ್ಟಿ ಮುರಿಯುತ್ತಿದ್ದವನು, ಅಂದು ಚೀಲಕ್ಕೆ ಕೈ ಬೇಡಿದ್ದವನೇ, ನನ್ನ ಗುರುತು ಹಿಡಿದು, ‘ಬರ್ರಿ, ಕುಂದರ್ರಿ’ ಎನ್ನುತ್ತ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟನು.